ಕಲೆಯ ಬೆಲೆ ಮತ್ತು ಪಾವತಿಯ ಗಡುವು

ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳ ವಾಣಿಜ್ಯವೆಂದರೆ ಕಾಫಿ, ಮೆಣಸು, ಏಲಕ್ಕಿ ಎಂಬ ಭಾವನೆ ಬೇರೂರಿದೆ. ಆದರೆ ಕಾಫಿ ಪುಡಿಯ ಪೊಟ್ಟಣದ ಮೇಲಿನ ಚಿತ್ರ, ಹೋಂಸ್ಟೇಯ ಗೋಡೆಯ ವರ್ಣಚಿತ್ರ, ಬಿದಿರಿನ ಬುಟ್ಟಿ, ಕಾಫಿ ಗಿಡದ ಬೊಡ್ಡೆಯಿಂದ ಮಾಡಿದ ಪೀಠ ಇವೆಲ್ಲವೂ ವ್ಯಾಪಾರದ ಸರಕುಗಳೇ. ಇವುಗಳನ್ನು ತಯಾರಿಸುವವರು ಕಲೆಯನ್ನೇ ನಂಬಿ ಸಂಸಾರ ತೂಗಿಸಬಲ್ಲರೇ ಎಂಬ ಪ್ರಶ್ನೆ ಎದ್ದಾಗಲೆಲ್ಲ, ಕೈಯಲ್ಲೊಂದು ಉದ್ಯೋಗವಿರಲಿ, ಕಲೆ ಹವ್ಯಾಸವಾಗಿರಲಿ ಎಂಬ ಉಪದೇಶ ಸಿದ್ಧವಾಗಿರುತ್ತದೆ.

ಈ ಉಪದೇಶದಲ್ಲಿ ತಿರುಳಿಲ್ಲವೆಂದಲ್ಲ. ನೆರೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಕಾಫಿ ತೋಟ ನೋಡಿಕೊಳ್ಳುತ್ತಲೇ ಸಾಹಿತ್ಯ, ಚಿತ್ರಕಲೆ, ಛಾಯಾಗ್ರಹಣಗಳಲ್ಲಿ ತೊಡಗಿದ್ದರು. ಆದರೆ ತೋಟವಿಲ್ಲದ ಚಿತ್ರಕಾರರಿಗಾಗಲಿ, ಬಿದಿರು ಸೀಳಿ ಬದುಕುವ ಮೇದಾರ ಕುಟುಂಬಕ್ಕಾಗಲಿ ಇಂತಹ ಆಸರೆ ಇರುವುದಿಲ್ಲ. ಅವರ ಆರ್ಥಿಕ ಸ್ಥಿರತೆ ಕಲಾಕೃತಿಯ ಬೆಲೆಯನ್ನು ಎಷ್ಟು ಅವಲಂಬಿಸಿದೆಯೋ, ಆ ಬೆಲೆ ಕೈಸೇರುವ ದಿನವನ್ನೂ ಅಷ್ಟೇ ಅವಲಂಬಿಸಿದೆ.

ಒಂದು ಸರಳ ಲೆಕ್ಕವನ್ನು ಉದಾಹರಣೆಗಾಗಿ ನೋಡಬಹುದು. ಲೇಬಲ್ ಚಿತ್ರಗಳಿಗೆ 30,000 ರೂಪಾಯಿ ನಿಗದಿಯಾಗಿದ್ದು, ಸಾಮಗ್ರಿ ಮತ್ತು ಓಡಾಟಕ್ಕೆ 6,000 ರೂಪಾಯಿ ಖರ್ಚಾದರೆ ಉಳಿಯುವ ದುಡಿಮೆ 24,000 ರೂಪಾಯಿ. ಬಿಲ್ಲು ಆರು ತಿಂಗಳು ಬಾಕಿ ಉಳಿದು, ಕಲಾವಿದ ಅಷ್ಟೇ ಮೊತ್ತವನ್ನು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ ಕೈಸಾಲ ತಂದರೆ, ಬಡ್ಡಿಯೇ 4,320 ರೂಪಾಯಿ ಆಗುತ್ತದೆ. ಗಿರಾಕಿ ಒಂದು ರೂಪಾಯಿಯ ಚೌಕಾಸಿ ಮಾಡದಿದ್ದರೂ ದುಡಿಮೆಯ ಶೇ. 18ರಷ್ಟು ಕರಗಿಹೋಯಿತು. ಬುಟ್ಟಿ ಮಾರಾಟವಾದ ನಂತರವೇ ಹಣ ಎಂಬ ಷರತ್ತಿನಲ್ಲಿಯೂ ಇದೇ ಕಥೆ. ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆಯಾದಾಗ ಮಳಿಗೆಯ ನಷ್ಟಭಯವನ್ನೆಲ್ಲ ನೇಯ್ದವರೇ ಹೊರಬೇಕಾಗುತ್ತದೆ.

ಈ ಕಾಯುವಿಕೆಯ ಕಷ್ಟ ಮಲೆನಾಡಿಗೆ ಹೊಸದೇನಲ್ಲ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಬೆಳೆಗಾರರು ಫಸಲನ್ನು ಒಪ್ಪಿಸಿ, ಹಣವನ್ನು ಕಂತುಕಂತಾಗಿ ಪಡೆಯುತ್ತಿದ್ದರು. 1990ರ ದಶಕದ ಮಧ್ಯಭಾಗದಲ್ಲಿ ಮುಕ್ತ ಮಾರಾಟಕ್ಕೆ ಅವಕಾಶ ದೊರೆತಾಗ, ಹಣ ಬೇಗ ಕೈಸೇರುವುದರ ಮಹತ್ವವನ್ನು ಇಲ್ಲಿನ ಮಾರುಕಟ್ಟೆ ಚೆನ್ನಾಗಿ ಅರಿತುಕೊಂಡಿತು. ಅದೇ ನ್ಯಾಯ ಕುಶಲಕರ್ಮಿಗಳಿಗೂ ಅನ್ವಯಿಸಬೇಕು.

ಕಾನೂನೂ ಇದನ್ನೇ ಹೇಳುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಗೆ ಲಿಖಿತ ಒಪ್ಪಂದವಿದ್ದಲ್ಲಿ ಗರಿಷ್ಠ 45 ದಿನಗಳಲ್ಲಿ, ಇಲ್ಲದಿದ್ದಲ್ಲಿ 15 ದಿನಗಳಲ್ಲಿ ಹಣ ಪಾವತಿಸಬೇಕು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಸಾಲದೆಂಬಂತೆ, 2023ರ ಹಣಕಾಸು ಕಾಯಿದೆ ತಂದ ತಿದ್ದುಪಡಿಯಿಂದಾಗಿ, ಗಡುವು ಮೀರಿದ ಬಾಕಿಯನ್ನು ಖರೀದಿದಾರರು ಹಣ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ಕಳೆಯಬಹುದು. ಮಾರ್ಚ್ 31ರಂದು ಇಂತಹ ಬಾಕಿ ಉಳಿಸಿಕೊಂಡ ವರ್ತಕರಿಗೆ ಅದು ತಾತ್ಕಾಲಿಕವಾಗಿಯಾದರೂ ತೆರಿಗೆಯ ಹೊರೆಯಾಗುತ್ತದೆ.

ಈ ರಕ್ಷಣೆ ದೊರೆಯಬೇಕಾದರೆ ಕಲಾವಿದರೂ ತಮ್ಮ ಪಾಲಿನ ಕೆಲಸ ಮಾಡಬೇಕು. 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಉಚಿತವಾದುದು. ಸರಕು ತಯಾರಿಸುವ ಕುಶಲಕರ್ಮಿಯೂ ಸೇವೆ ನೀಡುವ ಚಿತ್ರಕಾರರೂ ಕೆಲಸ ಒಪ್ಪಿಕೊಳ್ಳುವ ಮುನ್ನವೇ ಅದನ್ನು ಪಡೆದಿರುವುದು ಕ್ಷೇಮ. ಸಂಸಾರದ ಹಣ ಮತ್ತು ಕಸುಬಿನ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಕ್ರಮಸಂಖ್ಯೆಯುಳ್ಳ ಬಿಲ್ಲು, ತಮ್ಮ ಕೂಲಿಯನ್ನೂ ಸೇರಿಸಿದ ಬೆಲೆ ನಿಗದಿ, ಮಳೆಗಾಲದ ನಾಲ್ಕು ತಿಂಗಳಿಗೆ ಸಾಲುವ ಆಪದ್ಧನ ಇವು ಕಲೆಗೆ ಕುಂದು ತರುವ ಸಂಗತಿಗಳಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಬುಟ್ಟಿ ಹೆಣೆಯುವವರು, ಶಿಲ್ಪಿಗಳು ಸೇರಿದಂತೆ 18 ಕಸುಬುಗಳವರಿಗೆ ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿವರೆಗೆ ಆಧಾರರಹಿತ ಸಾಲವನ್ನು ಕಲ್ಪಿಸಲಾಗಿದೆ. ಆದರೆ ಬಾಕಿ ಬಿಲ್ಲಿನ ಕೊರತೆ ತುಂಬಲು ಸಾಲ ತರುವುದು ಸ್ಥಿರತೆಯ ದಾರಿಯಲ್ಲ.

ಚಿತ್ರದ ಹಕ್ಕಿನ ವಿಷಯದಲ್ಲಿಯೂ ಬರವಣಿಗೆ ಇರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದು ಪರಿಗಣಿಸಲಾಗುತ್ತದೆ. ಬಾಯಿಮಾತಿನ ಮೇಲೆ ಪಡೆದ ಲೇಬಲ್ ಚಿತ್ರ, ಬ್ರ್ಯಾಂಡ್ ಹೆಸರು ಮಾಡಿದ ಮೇಲೆ ವರ್ತಕರಿಗೇ ತಲೆನೋವಾಗಬಹುದು.

ಆದುದರಿಂದ ವಾಣಿಜ್ಯ ಸಂಸ್ಥೆಗಳು ಒಂದು ಪುಟದ ಮಾದರಿ ಒಪ್ಪಂದವನ್ನು ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚುವುದು ಸೂಕ್ತ. ಮೂರನೆಯ ಒಂದು ಭಾಗ ಮುಂಗಡ, ಉಳಿದ ಹಣದ ಪಾವತಿಯ ದಿನಾಂಕ, ಚಿತ್ರ ಅಥವಾ ವಿನ್ಯಾಸದ ಬಳಕೆಯ ಅವಧಿ ಇವಿಷ್ಟು ಅದರಲ್ಲಿದ್ದರೆ ಸಾಕು. ಇದು ಕಲಾವಿದರಿಗೆ ಮಾಡುವ ಉಪಕಾರವೆಂದು ಯಾರೂ ತಿಳಿಯಬೇಕಾಗಿಲ್ಲ. ಬಣ್ಣದ ಅಂಗಡಿಗೂ ಮುದ್ರಣಾಲಯಕ್ಕೂ ಸಲ್ಲುವ ವ್ಯವಹಾರದ ಮರ್ಯಾದೆಯೇ ಚಿತ್ರ ಬರೆದವರಿಗೂ ಬುಟ್ಟಿ ಹೆಣೆದವರಿಗೂ ಸಲ್ಲಬೇಕು. ಅದು ಸಂದಾಗ, ಕಸುಬು ತೊರೆದು ಬೆಂಗಳೂರಿನ ಬಸ್ಸು ಹತ್ತುವ ಯುವಕರಲ್ಲಿ ಕೆಲವರಾದರೂ ಊರಿನಲ್ಲಿಯೇ ಉಳಿಯುವ ಧೈರ್ಯ ಮಾಡಿಯಾರು.