ಮಾತ್ರೆಗಳ ಲೆಕ್ಕ ಯಾರ ಬಳಿ ಇದೆ?



ಕಳೆದ ಮಳೆಗಾಲದಲ್ಲಿ ನನ್ನ ಖಾಲಾ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದರು. ಎರಡನೆಯ ರಾತ್ರಿ ಬಚ್ಚಲಿಗೆ ಹೋಗಲೆಂದು ಎದ್ದವರು ತಲೆ ತಿರುಗಿ ಗೋಡೆಗೆ ಒರಗಿ ನಿಂತುಬಿಟ್ಟರು. ಅಲ್ಲಾಹನ ಕೃಪೆ, ಬೀಳಲಿಲ್ಲ. ಮರುದಿನ ಅವರು ಮಾತ್ರೆ ಇಟ್ಟುಕೊಳ್ಳುವ ಬಿಸ್ಕತ್ತಿನ ಡಬ್ಬಿ ತೆರೆದು ನೋಡಿದೆ. ಬಿಪಿಯ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಮಂಡಿ ನೋವಿಗೆ ಟ್ರಮಡಾಲ್ ಇರುವ ಮಾತ್ರೆ. ಜೊತೆಗೆ ಬೇರೆ ಬೇರೆ ಹೆಸರಿನ ಇನ್ನೆರಡು ಸ್ಟ್ರಿಪ್‌ಗಳು.

"ಇದು ನಿದ್ದೆಗೆ, ಇದು ಎದೆ ಹೊಡೆದುಕೊಳ್ಳುವುದಕ್ಕೆ ಬೇಟಿ. ಬೇರೆ ಬೇರೆ ಡಾಕ್ಟರು ಕೊಟ್ಟದ್ದು" ಎಂದರು ಖಾಲಾ.

ಕನ್ನಡಕ ಹಾಕಿಕೊಂಡು ಹಿಂಬದಿಯ ಸಣ್ಣಕ್ಷರ ಓದಿದೆ. ಎರಡರಲ್ಲೂ ಇದ್ದದ್ದು ಒಂದೇ ಔಷಧ, ಅಲ್ಪ್ರಜೋಲಾಮ್! ಖಾಲೂ ತೀರಿಕೊಂಡಾಗ ಹದಿನೈದು ದಿನಕ್ಕೆಂದು ಬರೆದುಕೊಟ್ಟ ಮಾತ್ರೆ ಅದು. ಈಗ ಐದು ವರ್ಷ. ಖಾಲಿ ಸ್ಟ್ರಿಪ್ ಕೊಟ್ಟು ಮೊಮ್ಮಗನನ್ನು ಅಂಗಡಿಗೆ ಕಳಿಸುತ್ತಾರೆ, ಅವನು ಹೊಸದನ್ನು ತರುತ್ತಾನೆ. ಚೀಟಿ ಎಲ್ಲಿ ಎಂದು ಯಾರೂ ಕೇಳಿಲ್ಲ.

ತಪ್ಪು ಯಾರದು? ಒಬ್ಬ ಡಾಕ್ಟರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಅಂಗಡಿಯವನಿಗೆ ಇಬ್ಬರ ವಿಷಯವೂ ಗೊತ್ತಿಲ್ಲ. ಖಾಲಾಗೆ ಓದಲು ಬರುತ್ತದೆ, ಆದರೆ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ. ಎಲ್ಲವನ್ನೂ ಒಟ್ಟಾಗಿ ಬಲ್ಲದ್ದು ಆ ಬಿಸ್ಕತ್ತಿನ ಡಬ್ಬಿ ಮಾತ್ರ.

ಈ ಕುರುಡು ಜಾಗಕ್ಕೆ ದೀಪ ಹಿಡಿಯಲು ಅಮೆರಿಕದವರು ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಅದರ ಹೆಸರು ಪ್ರಿಸ್ಕ್ರಿಪ್ಷನ್ ಡ್ರಗ್ ಮಾನಿಟರಿಂಗ್ ಪ್ರೋಗ್ರಾಂ. ಹೆಸರು ಉದ್ದವಾದರೂ ಕೆಲಸ ಸರಳ. ಚಟ ಹಿಡಿಸಬಲ್ಲ ನೋವಿನ ಮಾತ್ರೆ, ನಿದ್ದೆ ಮಾತ್ರೆಗಳನ್ನು ಅಂಗಡಿಯವರು ಮಾರಿದಾಗಲೆಲ್ಲ ರೋಗಿಯ ಹೆಸರು, ಔಷಧ, ಎಷ್ಟು ಮಾತ್ರೆ, ಎಷ್ಟು ದಿನಕ್ಕೆ, ಬರೆದ ಡಾಕ್ಟರು ಯಾರು ಎಂಬುದೆಲ್ಲ ಆ ರಾಜ್ಯದ ಕಂಪ್ಯೂಟರ್ ದಾಖಲೆಗೆ ಸೇರುತ್ತದೆ. ಮುಂದಿನ ಡಾಕ್ಟರು ಚೀಟಿ ಬರೆಯುವ ಮುನ್ನ ಅದನ್ನು ತೆರೆದು ನೋಡಬಹುದು. ಹಲವು ರಾಜ್ಯಗಳಲ್ಲಿ ನೋಡಲೇಬೇಕೆಂಬ ಕಾನೂನಿದೆ. ಕ್ಯಾಲಿಫೋರ್ನಿಯಾದಲ್ಲಿ 1939ರಷ್ಟು ಹಿಂದೆಯೇ ಇಂಥ ಲೆಕ್ಕ ಕಾಗದದ ಮೇಲೆ ಶುರುವಾಗಿತ್ತು. ಕೊನೆಯದಾಗಿ ಕಾನೂನು ಮಾಡಿದ ರಾಜ್ಯ ಮಿಸೌರಿ, 2021ರಲ್ಲಿ. ಜನರ ಖಾಸಗಿ ವಿಷಯ ಸರ್ಕಾರಕ್ಕೇಕೆ ಎಂಬ ವಾದ ಅಲ್ಲಿ ವರ್ಷಗಟ್ಟಲೆ ನಡೆಯಿತು. ನನ್ನನ್ನು ಕೇಳಿದರೆ ಅದು ತಳ್ಳಿಹಾಕುವ ವಾದವಲ್ಲ. ಯಾವ ಹೆಣ್ಣಿಗೆ ತಾನೇ ತಾನು ನಿದ್ದೆ ಮಾತ್ರೆ ನುಂಗುವ ಸುದ್ದಿ ಹೊರಗೆ ಹೋಗಲಿ ಎಂದಿರುತ್ತದೆ?

ಇಂಥ ವ್ಯವಸ್ಥೆ ಅವರಿಗೆ ಏಕೆ ಅಷ್ಟು ಅಗತ್ಯವಾಯಿತು ಎಂಬುದಕ್ಕೆ ಹಿನ್ನೆಲೆ ಇದೆ. 1996ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿದ್ದದ್ದು ಅಫೀಮಿನ ವರ್ಗಕ್ಕೆ ಸೇರಿದ ಆಕ್ಸಿಕೋಡೋನ್. ಚಟದ ಅಪಾಯ ಕಡಿಮೆ ಎಂದು ನಂಬಿಸಿ ಮಾರಿದ ಪ್ರಕರಣದಲ್ಲಿ 2007ರಲ್ಲಿ ಆ ಕಂಪನಿಯ ಅಂಗಸಂಸ್ಥೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಊರಿಗೆ ಊರೇ ಮಾತ್ರೆಗೆ ಬಿದ್ದಿತ್ತು. ಬೆನ್ನು ನೋವಿಗೆಂದು ಶುರು ಮಾಡಿದ ತಾಯಂದಿರು, ತಾಯಿಯ ಡಬ್ಬಿಯಿಂದ ಕದ್ದ ಮಕ್ಕಳು, ಒಂದೇ ವಾರದಲ್ಲಿ ನಾಲ್ಕು ಡಾಕ್ಟರ ಬಳಿ ನಾಲ್ಕು ಚೀಟಿ ಬರೆಸಿಕೊಳ್ಳುವವರು. ಇದಕ್ಕೆ ಅಲ್ಲಿ 'ಡಾಕ್ಟರ್ ಶಾಪಿಂಗ್' ಎನ್ನುತ್ತಾರೆ.

ಕೆಂಟಕಿ ರಾಜ್ಯ 1999ರಲ್ಲಿಯೇ ಕಂಪ್ಯೂಟರ್ ಲೆಕ್ಕ ಆರಂಭಿಸಿತ್ತು. ಆದರೆ ಆಗ ಫ್ಲೋರಿಡಾದಲ್ಲಿ ಅಂಥ ಲೆಕ್ಕವಿರಲಿಲ್ಲ. ಚಟ ಹತ್ತಿದವರು ಸುಮ್ಮನಿರುತ್ತಾರೆಯೇ? ಕೆಂಟಕಿಯಿಂದ ಕಾರು ಕಟ್ಟಿಕೊಂಡು ನೂರಾರು ಮೈಲಿ ದೂರದ ಫ್ಲೋರಿಡಾಕ್ಕೆ ಹೋಗಿ ಮಾತ್ರೆ ತರತೊಡಗಿದರು. ಅಲ್ಲಿ 'ಪಿಲ್ ಮಿಲ್'ಗಳು, ಅಂದರೆ ಮಾತ್ರೆಯ ಗಿರಣಿಗಳೆಂದೇ ಹೆಸರಾದ ಕ್ಲಿನಿಕ್‌ಗಳಿದ್ದವು. ಡಾಕ್ಟರೇ ಚೀಟಿ ಬರೆದು ಡಾಕ್ಟರೇ ಮಾತ್ರೆ ಮಾರುತ್ತಿದ್ದರು. 2010ರಲ್ಲಿ ಇಡೀ ಅಮೆರಿಕದಲ್ಲಿ ತಮ್ಮ ಕ್ಲಿನಿಕ್‌ನಿಂದಲೇ ಅತಿ ಹೆಚ್ಚು ಆಕ್ಸಿಕೋಡೋನ್ ಕೊಟ್ಟ 100 ಡಾಕ್ಟರರಲ್ಲಿ 98 ಮಂದಿ ಫ್ಲೋರಿಡಾದವರು!

ಕೊನೆಗೆ ಫ್ಲೋರಿಡಾ ಎಚ್ಚೆತ್ತಿತು. ನೋವಿನ ಕ್ಲಿನಿಕ್‌ಗಳ ನೋಂದಣಿ ಕಡ್ಡಾಯವಾಯಿತು, ಪೊಲೀಸ್ ದಾಳಿಗಳಾದವು, ಡಾಕ್ಟರರು ಇಂಥ ಮಾತ್ರೆಗಳನ್ನು ಕ್ಲಿನಿಕ್‌ನಿಂದಲೇ ಮಾರುವುದನ್ನು ಕಾನೂನು ತಡೆಯಿತು. 2011ರಲ್ಲಿ ಕಂಪ್ಯೂಟರ್ ಲೆಕ್ಕವೂ ಬಂತು. 2010ರಿಂದ 2012ರೊಳಗೆ ಅಲ್ಲಿ ಆಕ್ಸಿಕೋಡೋನ್‌ನಿಂದ ಸಾಯುವವರ ಪ್ರಮಾಣ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಇದು ಕಂಪ್ಯೂಟರ್ ಒಂದರ ಕೆಲಸವಲ್ಲ, ಎಲ್ಲ ಕ್ರಮಗಳೂ ಒಟ್ಟಿಗೆ ಸೇರಿ ಆದದ್ದು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅದೇ ಅವಧಿಯಲ್ಲಿ ಅಲ್ಲಿ ಹೆರಾಯಿನ್‌ನಿಂದಾಗುವ ಸಾವು ಏರತೊಡಗಿತು. ಮಾತ್ರೆಯ ಬಾಗಿಲು ಮುಚ್ಚಿತು, ಚಟ ಮಾತ್ರ ಮೈಯೊಳಗೇ ಉಳಿಯಿತು. ಮುಂದೆ ದೇಶದ ಬೀದಿಗಳಿಗೆ ಫೆಂಟನಿಲ್ ಬಂತು. 2021ರಲ್ಲಿ ಅಮೆರಿಕದಲ್ಲಿ ಮಿತಿಮೀರಿದ ಡ್ರಗ್ಸ್‌ನಿಂದ ಸತ್ತವರ ಸಂಖ್ಯೆ ಒಂದು ಲಕ್ಷ ದಾಟಿತು, ಹೆಚ್ಚಿನವು ಫೆಂಟನಿಲ್‌ನ ಸಾವುಗಳೇ. ಇನ್ನೊಂದು ಕಡೆ, ನಿಜವಾಗಿ ನೋವಿರುವ ರೋಗಿಗಳಿಗೆ ಡಾಕ್ಟರರು ಹೆದರಿ ಒಮ್ಮೆಲೇ ಮಾತ್ರೆ ನಿಲ್ಲಿಸಿದರು. ಹಾಗೆ ಥಟ್ಟನೆ ನಿಲ್ಲಿಸುವುದರಿಂದ ತೀವ್ರ ನರಳಾಟ, ಆತ್ಮಹತ್ಯೆಯಂಥ ಅನಾಹುತಗಳಾಗುತ್ತಿವೆ ಎಂದು 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯೇ ಎಚ್ಚರಿಸಬೇಕಾಯಿತು.

ದಾಖಲೆಯಲ್ಲಿ ಒಬ್ಬಾಕೆಯ ಹೆಸರಿನ ಎದುರು ನಾಲ್ಕು ಚೀಟಿ ಕಂಡಾಗ ಡಾಕ್ಟರು "ಹೊರಗೆ ಹೋಗು" ಎನ್ನಬಹುದು, ಇಲ್ಲವೇ "ಕುಳಿತುಕೊಳ್ಳಮ್ಮಾ, ಏನಾಗುತ್ತಿದೆ ಹೇಳು" ಎನ್ನಬಹುದು. ಕಂಪ್ಯೂಟರ್ ಎರಡಕ್ಕೂ ಒಂದೇ ಮಾಹಿತಿ ಕೊಡುತ್ತದೆ.

ಹಾಗಾದರೆ ನಮ್ಮಲ್ಲಿ ಏನೂ ಇಲ್ಲವೇ? ಇದೆ. 2013ರಲ್ಲಿ ಕೇಂದ್ರ ಸರ್ಕಾರ 'ಶೆಡ್ಯೂಲ್ ಎಚ್1' ಎಂಬ ಪಟ್ಟಿ ಹೊರಡಿಸಿತು. 2014ರ ಮಾರ್ಚ್‌ನಿಂದ ಅದು ಜಾರಿಯಲ್ಲಿದೆ. ಕೆಲವು ಪ್ರಬಲ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಗಳ ಜೊತೆಗೆ ಅಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್, ಕೊಡೀನ್, ಟ್ರಮಡಾಲ್ ಎಲ್ಲವೂ ಅದರಲ್ಲಿವೆ. ಇವುಗಳ ಪ್ಯಾಕಿನ ಮೇಲೆ ಕೆಂಪು ಗೆರೆಯ ಚೌಕಟ್ಟಿನೊಳಗೆ ಎಚ್ಚರಿಕೆ ಮುದ್ರಿತವಾಗಿರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ. ಮಾರಿದಾಗ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಇಷ್ಟನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯ ಕೆಳಗೂ ತರಲಾಗಿದೆ.

ಪುಸ್ತಕ ಒಳ್ಳೆಯದೇ. ಆದರೆ ಅದು ಆ ಒಂದು ಅಂಗಡಿಯ ಪುಸ್ತಕ. ಬೀದಿಯ ಆಚೆ ತುದಿಯ ಅಂಗಡಿಯ ಪುಸ್ತಕದೊಂದಿಗೆ ಅದು ಮಾತನಾಡುವುದಿಲ್ಲ. ಡಾಕ್ಟರ ಮೇಜಿಗಂತೂ ಬರುವುದೇ ಇಲ್ಲ. ಇನ್ನು ಖಾಲಿ ಸ್ಟ್ರಿಪ್ ತಂದ ಹುಡುಗನಿಗೆ ಕೊಟ್ಟ ಮಾತ್ರೆ ಯಾವ ಪುಸ್ತಕದಲ್ಲಿ ಬರೆಯಲ್ಪಡುತ್ತದೆ, ನೀವೇ ಯೋಚಿಸಿ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 1.18 ಕೋಟಿ ಜನ ನಿದ್ದೆ, ಮಂಪರು ತರಿಸುವ ಔಷಧಗಳನ್ನು ವೈದ್ಯರ ಸಲಹೆಯಿಲ್ಲದೆ ಬಳಸುತ್ತಿದ್ದರು. ಇವರೆಲ್ಲ ರಸ್ತೆ ಬದಿಯಲ್ಲಿ ಬಿದ್ದಿರುವವರೇ ಆಗಬೇಕಿಲ್ಲ.

ಆದ್ದರಿಂದ ಸಹೋದರಿಯರೇ, ಅಂಥ ವ್ಯವಸ್ಥೆ ಇಲ್ಲಿಗೆ ಬರುವವರೆಗೆ ಕಾಯದೆ ಮನೆಯಲ್ಲೇ ಒಂದು ಲೆಕ್ಕದ ಪುಸ್ತಕ ಇಡಿ. ಹಾಲಿನ ಲೆಕ್ಕ ಬರೆಯುವ ನಮಗೆ ಇದೇನು ದೊಡ್ಡ ಕೆಲಸವಲ್ಲ. ಮನೆಯ ಹಿರಿಯರ ಪ್ರತಿಯೊಂದು ಮಾತ್ರೆಯ ಸ್ಟ್ರಿಪ್ ತಿರುಗಿಸಿ, ದೊಡ್ಡಕ್ಷರದ ಕಂಪನಿ ಹೆಸರಿನ ಜೊತೆ ಸಣ್ಣಕ್ಷರದ ಔಷಧದ ಹೆಸರನ್ನೂ ಬರೆಯಿರಿ. ಯಾರು ಕೊಟ್ಟದ್ದು, ಎಂದು, ಎಷ್ಟು ದಿನಕ್ಕೆ ಎಂಬುದೂ ಇರಲಿ. ಕಣ್ಣಿನ ಡಾಕ್ಟರೇ ಇರಲಿ, ಹಲ್ಲಿನ ಡಾಕ್ಟರೇ ಇರಲಿ, ಪುಸ್ತಕ ಅವರ ಮುಂದಿಡಿ. ರಮಝಾನ್‌ನಲ್ಲಿ ಮಾತ್ರೆಯ ಹೊತ್ತು ಬದಲಿಸುವಾಗಲೂ ಅದು ಬೇಕಾಗುತ್ತದೆ. ನೋವಿನ ಟ್ರಮಡಾಲ್ ಮತ್ತು ನಿದ್ದೆಯ ಅಲ್ಪ್ರಜೋಲಾಮ್ ಎರಡೂ ಒಂದೇ ಹೊಟ್ಟೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ನನ್ನ ಖಾಲಾ ನುಂಗುತ್ತಿದ್ದದ್ದು ಇದನ್ನೇ. ನಿಮಗೆ ಕೊಟ್ಟ ಮಾತ್ರೆಯನ್ನು "ನನಗೆ ಗುಣವಾಯಿತು" ಎಂದು ನೆರೆಮನೆಯವರಿಗೆ ಕೊಡಬೇಡಿ. ಹರೆಯದ ಮಕ್ಕಳಿರುವ ಮನೆಯಲ್ಲಿ ಇವು ಬೀಗದೊಳಗಿರಲಿ.

ಒಂದು ಮಾತು ಮಾತ್ರ ಮರೆಯಬೇಡಿ. ಇದನ್ನು ಓದಿ ಗಾಬರಿಯಾಗಿ ಅಮ್ಮಿಯ ನಿದ್ದೆ ಮಾತ್ರೆಯನ್ನು ಇವತ್ತೇ ಕಸದ ಬುಟ್ಟಿಗೆ ಎಸೆಯಬೇಡಿ! ಬಹಳ ಕಾಲ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ. ಡಾಕ್ಟರ ಉಸ್ತುವಾರಿಯಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಬಿಡಲಾಗದೆ ಒದ್ದಾಡುತ್ತಿದ್ದರೆ ಬೈಯುವುದರಿಂದ ಪ್ರಯೋಜನವಿಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಖಾಲಾರನ್ನು ಮಂಡಿಯ ಡಾಕ್ಟರ ಬಳಿಗಲ್ಲ, ಮನೋವೈದ್ಯರ ಬಳಿಗೇ ಕರೆದೊಯ್ದೆವು. "ನನಗೇನು ಹುಚ್ಚೇ?" ಎಂದು ದಾರಿಯುದ್ದಕ್ಕೂ ಮುನಿಸಿಕೊಂಡಿದ್ದರು. ಡಾಕ್ಟರಮ್ಮ ಡಬ್ಬಿಯನ್ನು ಮೇಜಿನ ಮೇಲೆ ಸುರಿಸಿ ಒಂದೊಂದನ್ನೇ ಬೇರ್ಪಡಿಸಿದರು. ನಂತರ ಮಾತ್ರೆಯ ವಿಷಯ ಬಿಟ್ಟು, ರಾತ್ರಿ ನಿದ್ದೆ ಬಾರದಾಗ ಏನು ನೆನಪಾಗುತ್ತದೆ ಎಂದು ಕೇಳಿದರು. ಐದು ವರ್ಷಗಳಲ್ಲಿ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲವಂತೆ. ಖಾಲಾ ಬಹಳ ಹೊತ್ತು ಖಾಲೂರ ಬಗ್ಗೆ ಮಾತನಾಡಿದರು.

ಈಗ ಅರ್ಧ ಮಾತ್ರೆಗೆ ಇಳಿದಿದ್ದಾರೆ. ಕೆಲವು ರಾತ್ರಿ ಇನ್ನೂ ಕಷ್ಟವೇ. ಮೊಮ್ಮಗ ಪುಸ್ತಕ ಬರೆಯುತ್ತಾನೆ. ಮೊನ್ನೆ ಫೋನ್ ಮಾಡಿದಾಗ ಅವನ ಅಕ್ಷರ ತಮಗೆ ಓದಲಾಗುತ್ತಿಲ್ಲ, ಇನ್ನೂ ದಪ್ಪಕ್ಕೆ ಬರೆಯಲು ಹೇಳು ಎಂದು ದೂರಿದರು.