ಹೇಳಿದ್ದಷ್ಟೇ ಮಾಡೋ ಎಡಿಟರ್ ಕೊಡಿ ಸ್ವಾಮೀ...

"ವಿಶುವಲ್ ಎಡಿಟರ್ರಾ? ಥೂ, ಎಚ್‌ಟಿಎಮ್‌ಎಲ್ ಕಲಿಯೋಕೆ ಹೇಳು ಅವ್ರಿಗೆ" ಅಂದ ನನ್ನ ಸಹೋದ್ಯೋಗಿ. ಇನ್ನೊಬ್ಬ "ಎಲ್ಲ ಎತ್ತಿ ವರ್ಡ್‌ಪ್ರೆಸ್ಸಿಗೆ ಹಾಕ್ಬಿಡು" ಅಂದ. ಅವತ್ತು ಇಬ್ಬರಿಗೂ ಉತ್ತರ ಕೊಡಲಿಲ್ಲ. ಇವತ್ತು ಕೊಡ್ತಾ ಇದೀನಿ, ಸ್ವಲ್ಪ ಖಾರವಾಗಿಯೇ.

ನನ್ನ ದೊಡ್ಡಪ್ಪ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರು. 2008ರಿಂದ ಅಂಗಳದಲ್ಲಿ ಮಳೆ ಅಳೆದು, ಮಳೆ ನಕ್ಷತ್ರದ ಪ್ರಕಾರ ಕೋಷ್ಟಕ ಮಾಡಿ ಒಂದು ಉದ್ದನೆಯ ವೆಬ್ ಪುಟಕ್ಕೆ ಏರಿಸುತ್ತಿದ್ದರು. ಪಕ್ಕದಲ್ಲಿ ಅವರದೇ ಷರಾ: "ಔಷಧಿ ಹೊಡೆಯಲು ಮಳೆ ಬಿಡಲಿಲ್ಲ", "ಕೊಳೆ ಶುರು". ಕಣ್ಣಿನ ಆಪರೇಷನ್ ಆದಮೇಲೆ ನೋಟ್‌ಪ್ಯಾಡಿನಲ್ಲಿ ಆ ಚೂಪು ಕಂಸಗಳ ನಡುವೆ ಸಾಲು ಹುಡುಕೋದು ಅವರಿಗೆ ಕಷ್ಟವಾಯ್ತು. ಹಾಗಾಗಿ ನಾನೇ ಒಂದು ವಿಶುವಲ್ ಎಡಿಟರ್ ಆರಿಸಿ ಹಾಕಿಕೊಟ್ಟೆ. ಹೆಸರು ಬೇಡ ಬಿಡಿ. ಬಟನ್‌ಗಳು ಜಾಸ್ತಿ ಇದ್ದವು, ಅಷ್ಟು ಸಾಕಾಗಿತ್ತು ನನಗೆ!

ಹೋದ ವರ್ಷ ದೊಡ್ಡಪ್ಪ ಒಂದು ಸಾಲು ಸೇರಿಸಿ, ಉಳಿಸಿ, ಏರಿಸಿದರು. ಮಾರನೇ ದಿನ ಫೋನು. "ಎಂತದಾ ಮಾರಾಯ ಇದು? ಅಂಕಿ ಇದೆ, ಅಕ್ಷರವೇ ಇಲ್ಲ!" ನೋಡಿದರೆ 'ಆರಿದ್ರಾ' ಇದ್ದ ಜಾಗದಲ್ಲಿ ???????.

ಆಗಿದ್ದಿಷ್ಟು. ಫೈಲ್ ಇದ್ದದ್ದು ಯುಟಿಎಫ್-8ರಲ್ಲಿ. ಆದರೆ ಯಾವುದೋ ಹಳೇ ಟೆಂಪ್ಲೇಟಿನಿಂದ ಬಂದ 'ಐಎಸ್‌ಒ-8859-1' ಅನ್ನೋ ಸುಳ್ಳು ಘೋಷಣೆ ಪುಟದ ತಲೆಯಲ್ಲಿ ಕೂತಿತ್ತು. ಫೈಲಿನ ಮೊದಲ ಮೂರು ಬೈಟ್‌ಗಳ 'ಬಾಮ್' ಗುರುತು ನೋಡಿ ಬ್ರೌಸರ್‌ಗಳು ಸರಿಯಾಗಿಯೇ ಓದುತ್ತಿದ್ದವು. ನಮ್ಮ ಎಡಿಟರ್ ಕೂಡ ಸರಿಯಾಗಿ ತೆರೆಯಿತು, ಉಳಿಸುವಾಗ ಮಾತ್ರ ಆ ಸುಳ್ಳನ್ನು ನಂಬಿತು. ಆ ಸಂಕೇತದಲ್ಲಿ ಕನ್ನಡದ ಒಂದಕ್ಷರಕ್ಕೂ ಜಾಗವಿಲ್ಲ. ನಕಲು ಇಟ್ಟಿರಲಿಲ್ಲ, ಅದು ನನ್ನ ತಪ್ಪು. ಇಂಟರ್ನೆಟ್ ಆರ್ಕೈವ್‌ನಲ್ಲಿ 2015ರ ಪ್ರತಿ ಸಿಕ್ಕಿತು. ಅದರ ನಂತರದ ಷರಾಗಳು, 2019ರ ಆಗಸ್ಟ್ ನೆರೆಯವೂ ಸೇರಿ, ಹೋದವು.

ಈಗ ಹೇಳಿ, ಎಚ್‌ಟಿಎಮ್‌ಎಲ್ ಕಲಿಯದ್ದು ದೊಡ್ಡಪ್ಪನ ತಪ್ಪಾ? ಅವರು ಮುಟ್ಟಿದ್ದು ಒಂದು ಸಾಲು. ಮಿಕ್ಕಿದ್ದೆಲ್ಲ ಮುಟ್ಟಿದ್ದು ತಂತ್ರಾಂಶ! ವರ್ಡ್‌ಪ್ರೆಸ್ ಅಂತೀರಾ? ದಿನಕ್ಕೊಂದು ಸಾಲು ಸೇರಿಸೋ ಪುಟಕ್ಕೆ ಡೇಟಾಬೇಸು, ಪಾಸ್‌ವರ್ಡು, ತಿಂಗಳಿಗೊಂದು ಅಪ್‌ಡೇಟು. ಇಲಿ ಬಂತು ಅಂತ ಮನೆ ಬದಲಾಯಿಸಿದ ಹಾಗೆ.

ಹೊಸ ಪುಟ ಮಾಡೋದು ಬೇರೆ, ಇರೋ ಪುಟ ತಿದ್ದೋದೇ ಬೇರೆ. ಬಹಳಷ್ಟು ವಿಶುವಲ್ ಎಡಿಟರ್‌ಗಳು ನಿಮ್ಮ ಫೈಲನ್ನು ತಿದ್ದೋದೇ ಇಲ್ಲ ಕಣ್ರೀ. ಅದನ್ನು ಓದಿ ಒಳಗೊಂದು ಮರ ಕಟ್ಟಿಕೊಳ್ಳುತ್ತವೆ, ಉಳಿಸುವಾಗ ಆ ಮರದಿಂದ ಹೊಸ ಫೈಲನ್ನೇ ಬರೆಯುತ್ತವೆ. ಹಾಗಾಗಿ ತಿದ್ದುವವನು ಕೇಳಬೇಕಾದ್ದು "ಏನೇನು ಮಾಡುತ್ತೆ" ಅಂತಲ್ಲ, "ಏನನ್ನು ಮುಟ್ಟದೆ ಬಿಡುತ್ತೆ" ಅಂತ. ಇದೇನು ಅತಿಯಾಸೆಯಲ್ಲ. 1997ರಲ್ಲಿ ಬಂದ ಡ್ರೀಮ್‌ವೀವರ್ 'ರೌಂಡ್‌ಟ್ರಿಪ್ ಎಚ್‌ಟಿಎಮ್‌ಎಲ್' ಅಂತ ಇದನ್ನೇ ಹೆಮ್ಮೆಯಿಂದ ಹೇಳಿಕೊಂಡಿತ್ತು. 2005ರ ಎನ್‌ವಿಯು, ಅದರಿಂದ ಹುಟ್ಟಿದ ಕೊಂಪೋಜರ್ ಎರಡರಲ್ಲೂ ಮೂಲ ಜೋಡಣೆ ಹಾಗೇ ಉಳಿಸುವ ಆಯ್ಕೆ ಇತ್ತು.

ನಮಗೆ ಕನ್ನಡದವರಿಗೆ ಇನ್ನೊಂದು ಗಂಡಾಂತರ. ಕೆಲವು ಎಡಿಟರ್‌ಗಳು ಪ್ರತಿ ಅಕ್ಷರವನ್ನೂ ಸಂಖ್ಯೆ ಮಾಡಿಬಿಡುತ್ತವೆ: 'ಕ' ಹೋಗಿ &#3221; ಆಗುತ್ತದೆ. ಬ್ರೌಸರಿನಲ್ಲಿ ವ್ಯತ್ಯಾಸ ಕಾಣಲ್ಲ. ಮೂರು ಬೈಟಿನ ಅಕ್ಷರ ಏಳು ಬೈಟಾಗುತ್ತದೆ, ಮುಂದೆ ನೋಟ್‌ಪ್ಯಾಡಿನಲ್ಲಿ ತೆರೆದು 'ಆರಿದ್ರಾ' ಅಂತ ಹುಡುಕಿದರೆ ಸಿಗೋದೇ ಇಲ್ಲ.

ಅದಕ್ಕೇ ನನ್ನ ಪರೀಕ್ಷೆ ಇದು. ಬರೀ ಐದು ನಿಮಿಷ:

1. ಪುಟದ ನಕಲು ಮಾಡಿ.
2. ನಕಲನ್ನು ಎಡಿಟರಿನಲ್ಲಿ ತೆರೆದು ಒಂದೇ ಒಂದು ಅಕ್ಷರ ಬದಲಿಸಿ, ಉಳಿಸಿ, ಮುಚ್ಚಿ.
3. ವಿನ್‌ಮರ್ಜ್‌ನಲ್ಲೋ ಡಿಫ್‌ನಲ್ಲೋ ಹಳತು, ಹೊಸತು ಪಕ್ಕಪಕ್ಕ ಇಡಿ.

ಒಂದು ಸಾಲು ಮಾತ್ರ ಬೇರೆಯಾಗಿದ್ದರೆ ಇಟ್ಟುಕೊಳ್ಳಿ. ನೂರು ಸಾಲು ಬೇರೆಯಾಗಿದ್ದರೆ ಎಷ್ಟೇ ಚಂದದ ಬಟನ್ ಇರಲಿ, ಕಿತ್ತು ಬಿಸಾಕಿ. ಜೊತೆಗೆ 'ಸಾಫ್ಟ್‌ವೇರ್' ಥರದ ಪದವೊಂದನ್ನೂ ನೋಡಿ. ಮಧ್ಯದ ಕಾಣದ ಅಕ್ಷರ ಹಾರಿಹೋಗಿದ್ದರೆ ಅದು 'ಸಾಫ್ಟ್ವೇರ್' ಆಗಿರುತ್ತದೆ.

ದೊಡ್ಡಪ್ಪ ಈಗಲೂ ಮಳೆ ಅಳೆಯುತ್ತಾರೆ. ಆದರೆ ನೋಟ್‌ಬುಕ್ಕಿನಲ್ಲಿ ಮಾತ್ರ ಬರೆಯುತ್ತಾರೆ. "ಕಂಪ್ಯೂಟರ್ ಎಲ್ಲ ನಂಗಲ್ಲ ಬಿಡು ಮಾರಾಯ" ಅಂತಾರೆ. ಹನ್ನೆರಡು ವರ್ಷಕ್ಕೂ ಮೇಲೆ ಅದನ್ನೇ ಮಾಡಿದ ಮನುಷ್ಯ! ಆ ಮಾತು ಅವರ ಬಾಯಲ್ಲಿ ಬರೋ ಹಾಗೆ ಮಾಡಿದ್ದು ನಾನು, ನನ್ನಂಥ ಇಂಜಿನಿಯರುಗಳು.

ಈ ಸಲ ಆರಿದ್ರೆಗೆ ಮೊದಲು ಊರಿಗೆ ಹೋಗಿ ಮತ್ತೊಮ್ಮೆ ಕೇಳಬೇಕು. ನೀವು ಬಳಸೋ ಎಡಿಟರಿಗೂ ಈ ಪರೀಕ್ಷೆ ಮಾಡಿ, ಎಷ್ಟು ಸಾಲು ಬದಲಾಯ್ತು ಅಂತ ತಿಳಿಸ್ತೀರಲ್ಲ? ಬರಿಗೈಲಿ ಹೋಗೋಕೆ ನಂಗೆ ಮುಖ ಇಲ್ಲ :(