ಕ್ಯಾಸೆಟ್ಟಿನಲ್ಲಿ ಉಳಿದ ಹಿರಿಯರು



ಒಂದು ಮನೆತನದ ಸಂಪತ್ತನ್ನು ಹೊಲ, ಮನೆ, ಬಂಗಾರಗಳಿಂದ ಅಳೆಯುವುದು ಲೋಕರೂಢಿ. ಲಿಂಗೈಕ್ಯರಾದ ಹಿರಿಯರ ಮುಖಚರ್ಯೆ, ನಡಿಗೆ, ದನಿ ಇವೂ ಸಂಪತ್ತೇ ಎಂಬುದು ಅವು ಕಣ್ಮರೆಯಾಗುವವರೆಗೆ ನಮ್ಮ ಅರಿವಿಗೆ ಬರುವುದಿಲ್ಲ. 1980 ಮತ್ತು 1990ರ ದಶಕಗಳಲ್ಲಿ ನಮ್ಮ ಅನೇಕ ಕುಟುಂಬಗಳು ಈ ಸಂಪತ್ತನ್ನು ವಿಡಿಯೋ ಕ್ಯಾಸೆಟ್ಟುಗಳಲ್ಲಿ ಕೂಡಿಟ್ಟವು. ಮಗುವಿನ ಲಿಂಗಧಾರಣೆ, ಮಗಳ ಮದುವೆ, ಹೊಸ ಮನೆಯ ಗೃಹಪ್ರವೇಶ, ಊರ ಜಾತ್ರೆಯ ತೇರು, ಪೂಜ್ಯರ ಪಾದಪೂಜೆ ಎಲ್ಲವೂ ಆ ಕಪ್ಪು ಪೆಟ್ಟಿಗೆಗಳನ್ನು ಸೇರಿದವು. ಇಂದು ಅವು ಕಪಾಟಿನ ಮೂಲೆಯಲ್ಲಿ, ಹಳೆಯ ಸೀರೆಗಳ ಹಿಂದೆ ಧೂಳು ಹಿಡಿದು ಕುಳಿತಿವೆ. ಅವುಗಳನ್ನು ಡಿಜಿಟಲ್ ಡಿಸ್ಕಿಗೆ ವರ್ಗಾಯಿಸುವ ವಿಚಾರವಾಗಿ ಈ ತಿಂಗಳು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ.

ಕಳೆದ ಮಳೆಗಾಲ ಮುಗಿದ ಮೇಲೆ ನಾವೂ ಈ ಕೆಲಸಕ್ಕೆ ಕೈಹಾಕಿದೆವು. ಎಲ್ಲಕ್ಕಿಂತ ಮುಖ್ಯವಾಗಿದ್ದುದು 1989ರಲ್ಲಿ ನಡೆದ ನಮ್ಮ ತಂಗಿಯ ಮದುವೆಯ ಕ್ಯಾಸೆಟ್ಟು. ಅದರಲ್ಲಿ ನಮ್ಮ ತಾಯಿಯವರು ಹಂದರದಲ್ಲಿ ನಿಂತು ಸೋಬಾನೆ ಪದ ಹಾಡಿದ್ದರು. ಪರದೆಯ ಮೇಲೆ ಮೊದಲು ಕಂಡದ್ದು ಹಂದರವಲ್ಲ, ದೂರದರ್ಶನದ ‘ಮಹಾಭಾರತ’ ಧಾರಾವಾಹಿಯ ಕಂತು! ಒಂದು ಭಾನುವಾರ ಬೆಳಿಗ್ಗೆ ಕೈಗೆ ಸಿಕ್ಕ ಕ್ಯಾಸೆಟ್ಟನ್ನು ಹಾಕಿ ಅದರ ಮೇಲೆ ಮುದ್ರಿಸಿಕೊಂಡವರು ಬೇರಾರೂ ಅಲ್ಲ, ನಾವೇ. ಕಂತು ಮುಗಿದು, ಚಿತ್ರ ಒಮ್ಮೆ ನಡುಗಿ, ತಾಯಿಯವರ ಮುಖ ಕಂಡಿತು. ಪದದ ಕೊನೆಯ ಭಾಗ ಮಾತ್ರ, ಎರಡು ನಿಮಿಷಕ್ಕೂ ಕಡಿಮೆ. ಈಗ ಅವರ ದನಿ ನಮಗೆ ಉಳಿದಿರುವುದು ಅಷ್ಟೇ. ಕ್ಯಾಸೆಟ್ಟಿನ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಚೂರೊಂದನ್ನು ಅಂದೇ ಮುರಿದಿದ್ದರೆ ಮರುಮುದ್ರಣ ಸಾಧ್ಯವಾಗುತ್ತಿರಲಿಲ್ಲ. ಓದುಗರು ತಮ್ಮ ಕ್ಯಾಸೆಟ್ಟುಗಳಲ್ಲಿ ಆ ಚೂರು ಇನ್ನೂ ಉಳಿದಿದ್ದರೆ ಇಂದೇ ಮುರಿದುಬಿಡಬೇಕು.

ಕ್ಯಾಸೆಟ್ಟಿನ ಆಯುಷ್ಯ ಚಿಕ್ಕದು. ಅದರೊಳಗಿರುವುದು ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿ. ಅದಕ್ಕೆ ಕಾಂತಗುಣವುಳ್ಳ ಪುಡಿಯನ್ನು ಅಂಟಿನೊಡನೆ ಲೇಪಿಸಿರುತ್ತಾರೆ. ಆ ಅಂಟು ಗಾಳಿಯ ತೇವವನ್ನು ಹೀರಿ ವರ್ಷಗಳು ಕಳೆದಂತೆ ಸಡಿಲಗೊಳ್ಳುತ್ತದೆ. ಮಲೆನಾಡು, ಕರಾವಳಿಗಳ ಮನೆಗಳಲ್ಲಿ ಪಟ್ಟಿಗೆ ಬಿಳಿಯ ಬೂಷ್ಟು ಹಿಡಿಯುವುದೂ ಉಂಟು. ಕ್ಯಾಸೆಟ್ಟು ಉಳಿದರೂ ಅದನ್ನು ನುಡಿಸುವ ಯಂತ್ರ ಉಳಿಯುವುದಿಲ್ಲ. ಜಪಾನಿನಲ್ಲಿ 1976ರಲ್ಲಿ ಮಾರುಕಟ್ಟೆಗೆ ಬಂದ ವಿ.ಎಚ್.ಎಸ್. ಯಂತ್ರದ ಕೊನೆಯ ತಯಾರಕರು 2016ರಲ್ಲಿ ಕೆಲಸ ನಿಲ್ಲಿಸಿದರು. ಈಗ ಇರುವುದೆಲ್ಲ ಹಳೆಯ ಯಂತ್ರಗಳೇ. ಅವುಗಳನ್ನು ದುರಸ್ತಿ ಮಾಡಬಲ್ಲವರೂ ವಿರಳರಾಗುತ್ತಿದ್ದಾರೆ.

ಈ ಕಷ್ಟ ನಮ್ಮ ಸಮಾಜಕ್ಕೆ ಹೊಸದಲ್ಲ. ಶರಣರ ವಚನಗಳು ಶತಮಾನಗಳ ಕಾಲ ಓಲೆಗರಿಗಳಲ್ಲಿದ್ದವು. ಗರಿ ಜೀರ್ಣವಾದಾಗ ಯಾರೋ ಪುಣ್ಯಾತ್ಮರು ಹೊಸ ಗರಿಗೆ ಪ್ರತಿ ಮಾಡಿದ್ದರಿಂದ ಅವು ಉಳಿದವು. ವಚನಪಿತಾಮಹ ಫ. ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಹುಡುಕಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಭಕ್ತಿಯಿಂದ ಕಟ್ಟಿಟ್ಟು ಬಿಚ್ಚದೆ ಬಿಟ್ಟ ಕಟ್ಟು ಹುಳುಗಳ ಪಾಲಾಯಿತು. ಪ್ರತಿಯಾದದ್ದು ನಮ್ಮ ಪಾಲಿಗೆ ಬಂದಿತು. ಕ್ಯಾಸೆಟ್ಟಿಗೂ ಇದೇ ನ್ಯಾಯ. ಪ್ರೀತಿಯಿಂದ ಎತ್ತಿಟ್ಟರೆ ಸಾಲದು, ಪ್ರತಿ ಮಾಡಬೇಕು.

ಇನ್ನು ಕಾರ್ಯವಿಧಾನ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬಾರದು. ಅದು ಯಂತ್ರದ ಹೆಡ್ಡನ್ನೂ ಮುಂದಿನ ಕ್ಯಾಸೆಟ್ಟನ್ನೂ ಕೆಡಿಸುತ್ತದೆ. ಅದನ್ನು ಬಲ್ಲವರಿಂದ ಶುಚಿಗೊಳಿಸಬೇಕು. ಸರಿಯಾಗಿರುವುದನ್ನು ಒಮ್ಮೆ ಕೊನೆಯವರೆಗೆ ಮುಂದಕ್ಕೂ ಮರಳಿ ಹಿಂದಕ್ಕೂ ಸುತ್ತಿಸಿ ಆಮೇಲೆ ನುಡಿಸಬೇಕು. ಮೂರು ಗಂಟೆಯ ಕ್ಯಾಸೆಟ್ಟಿನ ವರ್ಗಾವಣೆಗೆ ಮೂರು ಗಂಟೆ ಬೇಕೇ ಬೇಕು. 4.7 ಗಿಗಾಬೈಟಿನ ಸಾಧಾರಣ ಡಿ.ವಿ.ಡಿ.ಯಲ್ಲಿ ಒಳ್ಳೆಯ ಗುಣಮಟ್ಟದಿಂದ ಹಿಡಿಸುವುದು ಸುಮಾರು ಎರಡು ಗಂಟೆಯ ಚಿತ್ರ. ಹಣ ಉಳಿಸಲೆಂದು ಮೂರು ಗಂಟೆಯನ್ನು ಒಂದೇ ಡಿಸ್ಕಿಗೆ ತುರುಕಿಸಿದರೆ ಮುಖಗಳು ಮಸುಕಾಗುತ್ತವೆ. ಹಿಂದೆ ವಿ.ಸಿ.ಡಿ. ಮಾಡಿಸಿಕೊಂಡವರು ಮೂಲ ಕ್ಯಾಸೆಟ್ಟನ್ನು ಎಸೆಯದಿರಲಿ, ವಿ.ಸಿ.ಡಿ. ಚಿತ್ರದ ವಿವರ ಡಿ.ವಿ.ಡಿ.ಯ ನಾಲ್ಕನೆಯ ಒಂದು ಪಾಲು ಮಾತ್ರ.

ಡಿಸ್ಕೂ ಶಾಶ್ವತವಲ್ಲ. ಅದರೊಳಗಿನ ಬಣ್ಣದ ಲೇಪ ಬಿಸಿಲಿಗೆ ಕೆಡುತ್ತದೆ. ಹೊಸ ಕಂಪ್ಯೂಟರುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲವಾಗುತ್ತಿದೆ. ಆದ್ದರಿಂದ ಅದೇ ಚಿತ್ರವನ್ನು ಹಾರ್ಡ್ ಡಿಸ್ಕಿನಲ್ಲಿಯೂ ತುಂಬಿಸಿಡಬೇಕು. ಒಂದು ಪ್ರತಿ ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿಯೋ ತಮ್ಮನ ಮನೆಯಲ್ಲಿಯೋ ಇರಲಿ. ಕೆಲವು ವರ್ಷಗಳಿಗೊಮ್ಮೆ ಹಾಕಿ ನೋಡಿ, ಹೊಸ ಸಾಧನಕ್ಕೆ ಮತ್ತೆ ಪ್ರತಿ ಮಾಡಬೇಕು.

ಯಂತ್ರ ಮಾಡಲಾಗದ ಕೆಲಸವೊಂದಿದೆ. ನಮ್ಮ ಮದುವೆಯ ಚಿತ್ರದಲ್ಲಿ ವಧೂವರರ ಮೇಲೆ ಅಕ್ಷತೆ ಹಾಕುವ, ಬಿಳಿಯ ರುಮಾಲಿನ ಹಿರಿಯರೊಬ್ಬರಿದ್ದಾರೆ. ತಂಗಿಯ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಅವರ ಕಣ್ಣು ತುಂಬಿದೆ. ಅವರಾರೆಂದು ನಮ್ಮಲ್ಲಿ ಯಾರಿಗೂ ತಿಳಿಯದು. ತಿಳಿದಿದ್ದ ನಮ್ಮ ಸೋದರತ್ತೆ ಎರಡು ವರ್ಷ ಮೊದಲೇ ಲಿಂಗೈಕ್ಯರಾದರು. ಚಿತ್ರ ಉಳಿಯಿತು, ಹೆಸರು ಹೋಯಿತು. ಆದುದರಿಂದ ಮನೆಯ ಹಿರಿಯರನ್ನು ಜೊತೆಗೆ ಕೂಡಿಸಿಕೊಂಡು ನೋಡಿರಿ. ಅವರು ಹೇಳುವ ಹೆಸರು, ಊರು, ಬಾಂಧವ್ಯಗಳನ್ನು ಒಂದು ವಹಿಯಲ್ಲಿ ಬರೆದಿಡಿರಿ. ಆ ವಹಿಯಿಲ್ಲದ ಡಿಸ್ಕು ಮೊಮ್ಮಕ್ಕಳಿಗೆ ಅಪರಿಚಿತರ ಜಾತ್ರೆಯಾದೀತು.

ಕೆಲವೆಡೆ ಕ್ಯಾಸೆಟ್ಟು ಹಿರಿಯಣ್ಣನ ಮನೆಯಲ್ಲಿ ಉಳಿದು, ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳು ತಂದೆ ತಾಯಿಗಳ ಮುಖವನ್ನು ಮತ್ತೊಮ್ಮೆ ಕಾಣದಂತಾಗಿರುವುದನ್ನು ಬಲ್ಲೆವು. ಹೊಲವನ್ನು ಹಂಚಿದರೆ ತುಂಡಾಗುತ್ತದೆ. ಈ ಸಂಪತ್ತು ಎಷ್ಟು ಜನರಿಗೆ ಹಂಚಿದರೂ ಪ್ರತಿಯೊಬ್ಬರಿಗೂ ಇಡಿಯಾಗಿಯೇ ದಕ್ಕುತ್ತದೆ. ಪ್ರತಿ ಮಾಡಿಸುವುದು ಕಾಯಕವಾದರೆ ಹಂಚುವುದು ದಾಸೋಹ. ನಮ್ಮ ತಾಯಿಯವರ ಆ ಎರಡು ನಿಮಿಷ ಈಗ ಐದು ಮನೆಗಳಲ್ಲಿದೆ. ನಿಮ್ಮ ಕಪಾಟಿನಲ್ಲಿ ಇನ್ನೂ ಹೆಚ್ಚು ಉಳಿದಿರಬಹುದು. ಮುಂದಿನ ಮಳೆಗಾಲಕ್ಕೆ ಮೊದಲೇ ಅದನ್ನು ತೆರೆಯಿರಿ.